ಕಾಳಿನ ರುಚಿಯೂ ಬೆರಕೆಯ ರುಚಿಯೂ

‘ಧರ್ಮಾಮೃತ’ದ ಕವಿ ನಯಸೇನನು 1112ರ ಸುಮಾರಿನಲ್ಲಿ ತನ್ನ ಕಾಲದ ಕವಿಗಳ ಮುಂದಿಟ್ಟ ಆಕ್ಷೇಪ ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಹೊಸದಲ್ಲ. ಕನ್ನಡದಲ್ಲಿ ಕಾವ್ಯ ಬರೆಯಲು ಹೊರಟು ಸಲ್ಲದ ಸಂಸ್ಕೃತವನ್ನು ತಂದು ತುಂಬುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂಬುದು ಅವನ ಮಾತಿನ ತಾತ್ಪರ್ಯ. ಪರೀಕ್ಷೆಯ ಉತ್ತರಗಳಲ್ಲಿ ಈ ಹೋಲಿಕೆ ಶೈಲಿಯ ಚರ್ಚೆಗಷ್ಟೇ ಬಳಕೆಯಾಗುತ್ತದೆ. ಆದರೆ ನಯಸೇನನು ಆ ಹೋಲಿಕೆಯನ್ನು ಆರಿಸಿಕೊಂಡದ್ದು ಅಡುಗೆಮನೆಯಿಂದ. ಅದನ್ನು ಮತ್ತೆ ಅಡುಗೆಮನೆಗೇ ಒಯ್ದು, ಇಂದಿನ ರುಚಿಗಳ ಎದುರು ಇಟ್ಟು ನೋಡುವುದು ಅನುಚಿತವಾಗಲಾರದು.

ನಗರಗಳಲ್ಲಿ ಈಗ ಬಿಯರಿಗೆ ಹಣ್ಣು ಮತ್ತು ಚಾಕೊಲೇಟಿನ ರುಚಿ ಕೂಡಿಸುವ ಹವ್ಯಾಸ ಬೆಳೆದಿದೆ. ಪರದೇಶಗಳಲ್ಲಿ ಮನೆಯಲ್ಲಿಯೇ ಬಿಯರ್ ತಯಾರಿಸುವವರು ಇದನ್ನು ಒಂದು ಕುಶಲವಿದ್ಯೆಯೆಂದು ಭಾವಿಸುತ್ತಾರೆ. ಕಳೆದ ಒಂದೂವರೆ ದಶಕದಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿದ ಸಣ್ಣ ಬಿಯರ್ ತಯಾರಿಕಾ ಘಟಕಗಳೂ ಮಾವಿನ ಕಾಲದಲ್ಲಿ ಮಾವಿನ ಬಿಯರನ್ನು, ಉಳಿದ ಕಾಲದಲ್ಲಿ ಕಾಫಿ, ಕೋಕೊಗಳ ಬಿಯರನ್ನು ಬಡಿಸುತ್ತವೆ. ಇದನ್ನು ಕಂಡು ಮೂಗು ಮುರಿಯುವವರೂ ಇದ್ದಾರೆ, ಮೆಚ್ಚಿ ತಲೆದೂಗುವವರೂ ಇದ್ದಾರೆ. ಎರಡೂ ಪಕ್ಷದವರು ಆ ಕೆಲಸದ ಒಳಗನ್ನು ಅರಿತು ಮಾತನಾಡುವುದು ವಿರಳ.

ಬಿಯರಿನ ಮೂಲ ಬಾರ್ಲಿಯ ಕಾಳು. ಅದನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದಾಗ ಮಾಲ್ಟ್ ಆಗುತ್ತದೆ. ಮೊಳೆಯುವ ಕಾಳು ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಮಾಲ್ಟನ್ನು ಒಡೆದು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಇರಿಸಿದರೆ ಸಿಹಿಯಾದ ರಸ ಬಿಡುತ್ತದೆ. ಆ ರಸವನ್ನು ಕಹಿಯಾದ ಹಾಪ್ಸ್ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಹುದುಗುವಿಕೆ ಆರಂಭವಾಗುತ್ತದೆ. ಹಣ್ಣನ್ನು ಕೂಡಿಸುವವರು ಸಾಮಾನ್ಯವಾಗಿ ಮೊದಲ ಹುದುಗು ತಣಿಯುವವರೆಗೆ ಕಾಯುತ್ತಾರೆ. ಮೊದಲೇ ಹಾಕಿದರೆ ಉಕ್ಕುವ ಅನಿಲದೊಡನೆ ಹಣ್ಣಿನ ಗಂಧವೂ ಹಾರಿಹೋಗುತ್ತದೆ. ತಡವಾಗಿ ಹಾಕಿದರೂ ಹಣ್ಣಿನ ಸಿಹಿ ಉಳಿಯುವುದಿಲ್ಲ. ಯೀಸ್ಟ್ ಅದನ್ನು ತಿಂದು ತೀರಿಸುತ್ತದೆ. ಕೊನೆಗೆ ಉಳಿಯುವುದು ಗಂಧ ಮತ್ತು ಹುಳಿ. ಆದ್ದರಿಂದ ಬಲ್ಲವರು ಮಾಡಿದ ಮಾವಿನ ಬಿಯರ್ ಮಾವಿನ ಪಾನಕದಂತೆ ಇರುವುದಿಲ್ಲ. ಪಾನಕದಂತೆ ಇದ್ದರೆ ಅದಕ್ಕೆ ಆಮೇಲೆ ಸಿಹಿಯನ್ನೋ ಕೃತಕ ಗಂಧವನ್ನೋ ಸುರಿದಿರುವ ಸಂಭವವೇ ಹೆಚ್ಚು.

ಚಾಕೊಲೇಟಿನ ವಿಷಯ ಇನ್ನೂ ಸ್ವಾರಸ್ಯಕರ. ಅಂಗಡಿಯ ಚಾಕೊಲೇಟನ್ನು ಕರಗಿಸಿ ಹಾಕಿದರೆ ಅದರ ಕೊಬ್ಬು ಬಿಯರಿನ ನೊರೆಯನ್ನು ಕೆಡಿಸುತ್ತದೆ. ಅದಕ್ಕಾಗಿ ಹುರಿದು ನುರಿದ ಕೋಕೊ ಬೀಜವನ್ನೋ ಕೊಬ್ಬು ತೆಗೆದ ಪುಡಿಯನ್ನೋ ಬಳಸುತ್ತಾರೆ. ಇದಲ್ಲದೆ ‘ಚಾಕೊಲೇಟ್ ಮಾಲ್ಟ್’ ಎಂಬ ಪದಾರ್ಥವೊಂದಿದೆ. ಅದರಲ್ಲಿ ಚಾಕೊಲೇಟು ಎಳ್ಳಷ್ಟೂ ಇಲ್ಲ. ಮೊಳಕೆಯ ಕಾಳನ್ನು ಹೆಚ್ಚಿನ ಕಾವಿನಲ್ಲಿ ಕಂದು ಬಣ್ಣ ಬರುವಂತೆ ಹುರಿದಾಗ ಅದೇ ಕೋಕೊವಿನ ಬಣ್ಣವನ್ನೂ ಅದನ್ನು ನೆನಪಿಸುವ ರುಚಿಯನ್ನೂ ಪಡೆಯುತ್ತದೆ. ಅಲ್ಲಿಗೆ ರುಚಿಯನ್ನು ಹೆಚ್ಚಿಸುವ ದಾರಿಗಳು ಎರಡೆಂದಾಯಿತು: ಹೊರಗಿನಿಂದ ತಂದು ಕೂಡಿಸುವುದು ಒಂದು, ಕಾಳಿನ ಒಳಗಿರುವುದನ್ನೇ ಬೆಂಕಿಯಿಂದಲೂ ಕಾಲದಿಂದಲೂ ಹೊರಗೆಳೆಯುವುದು ಇನ್ನೊಂದು.

ಬೆರಕೆ ಎಂಬ ಕಾರಣಕ್ಕೇ ಬೆರಕೆಯನ್ನು ಹಳಿಯುವುದು ಸಲ್ಲದು. ಪಂಪನ ‘ವಿಕ್ರಮಾರ್ಜುನ ವಿಜಯ’ದ ಪಾನಗೋಷ್ಠಿಯ ವರ್ಣನೆಯನ್ನು ಓದಿದವರಿಗೆ ಹತ್ತನೆಯ ಶತಮಾನದ ಕನ್ನಡನಾಡಿಗೆ ಕುಡಿಯುವ ಪದಾರ್ಥಗಳ ವೈವಿಧ್ಯ ಅಪರಿಚಿತವಾಗಿರಲಿಲ್ಲವೆಂಬುದು ತಿಳಿದಿದೆ. ಬೆಲ್ಜಿಯಂ ದೇಶದಲ್ಲಿ ಹುಳಿಬಿಯರಿನಲ್ಲಿ ಚೆರಿಹಣ್ಣನ್ನು ತಿಂಗಳುಗಟ್ಟಲೆ ನೆನೆಸಿಡುವ ‘ಕ್ರೀಕ್’ ಎಂಬ ಪೇಯಕ್ಕೆ ದೀರ್ಘ ಪರಂಪರೆಯಿದೆ. ಇದಕ್ಕೆ ವಿರುದ್ಧವಾಗಿ ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಬಾರ್ಲಿ, ಹಾಪ್ಸ್, ನೀರು ಇವುಗಳ ಹೊರತು ಬೇರೇನನ್ನೂ ಬಿಯರಿಗೆ ಬಳಸಕೂಡದೆಂಬ ಕಟ್ಟಳೆ ಹೊರಟಿತು. ಕನ್ನಡದ ವಿದ್ಯಾರ್ಥಿಗೆ ಈ ಎರಡು ಪಂಥಗಳೂ ಪರಿಚಿತವೇ. ತತ್ಸಮವನ್ನು ಹೊರಗಿಟ್ಟು ‘ಕಬ್ಬಿಗರ ಕಾವ’ವನ್ನು ರಚಿಸಿದ ಆಂಡಯ್ಯ ಕಟ್ಟಳೆಯ ಪಕ್ಷದವನು. ನಯಸೇನನಾದರೋ ಬೆರಕೆಯನ್ನು ಆಕ್ಷೇಪಿಸಿಯೂ ಸಂಸ್ಕೃತವನ್ನು ಪೂರ್ತಿ ತೊರೆದವನಲ್ಲ. ಅವನ ಮಾತನ್ನು ಅವನ ಕೃತಿಯ ಜೊತೆಗಿಟ್ಟು ಓದಿದರೆ ಉಳಿಯುವ ಪ್ರಶ್ನೆ ಇಷ್ಟೇ: ಕೂಡಿಸಿದ್ದು ಮೂಲದೊಡನೆ ಒಂದಾಗುತ್ತದೆಯೇ ಅಥವಾ ಮೂಲವನ್ನು ಮುಚ್ಚಿಬಿಡುತ್ತದೆಯೇ?

ಈ ಪ್ರಶ್ನೆಯನ್ನು ತಾಳವಾಡಿಯ ಬೆಟ್ಟಗಳಲ್ಲಿ ಕೇಳಬೇಕಾದ ಕಾಲ ಬಂದಿದೆ. ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ, ಕನ್ನಡವೇ ಮನೆಮಾತಾದ ಊರುಗಳ ಸೀಮೆ ಅದು. 1956ರಲ್ಲಿ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಈರೋಡು ಜಿಲ್ಲೆ ರಚನೆಯಾದಾಗ ಅದರ ಪಾಲಿಗೆ ಬಂದಿತು. ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಚಾಮರಾಜನಗರವಾದರೋ ಸಮತಟ್ಟಿನ ದಾರಿಯ ನೆರೆಯೂರು. ಸುತ್ತಲೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡು. ಆನೆಗಳ ಭಯದಿಂದ ಇರುಳೆಲ್ಲ ಅಟ್ಟಣೆಯ ಮೇಲೆ ಕುಳಿತು ಹೊಲ ಕಾಯುವ ರೈತರಿಗೆ ಒಂದು ಸೇರು ರಾಗಿಯ ಬೆಲೆ ಏನೆಂಬುದು ಪೇಟೆಯ ದರದಿಂದ ತಿಳಿಯತಕ್ಕದ್ದಲ್ಲ.

ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸಕ್ಕೆ ಅಲ್ಲಿ ಎಡೆಯಿಲ್ಲ. 1937ರ ಮದ್ಯನಿಷೇಧ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ತಮಿಳುನಾಡಿನಲ್ಲಿ ಅಪರಾಧ. 1987ರಿಂದ ಕಳ್ಳು ಇಳಿಸುವುದಕ್ಕೂ ನಿಷೇಧವಿದೆ. ಆದರೆ ಬಿಯರಿನ ಮೊದಲ ಅರ್ಧ, ಅಂದರೆ ಕಾಳನ್ನು ಮೊಳೆಯಿಸಿ ಒಣಗಿಸಿ ಹುರಿಯುವ ವಿದ್ಯೆ, ಈ ಭಾಗದ ಅಡುಗೆಮನೆಗಳಿಗೆ ಹಳೆಯದು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟಿನಿಂದ ಎಳೆಯ ಮಕ್ಕಳಿಗೆ ರಾಗಿಸರಿ ಮಾಡುತ್ತಾರೆ. ಮೊಳಕೆ ಕಟ್ಟಿದ ಮೇಲೆ ಪಿಷ್ಟ ಸಡಿಲಗೊಂಡು ಗಂಜಿ ತೆಳುವಾಗುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟನ್ನು ಉಣಿಸಬಹುದು. ಬವೇರಿಯಾದ ಬಾರ್ಲಿಯಲ್ಲಿ ನಡೆಯುವ ಕ್ರಿಯೆಗೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ರಾಗಿಯ ಅಂಬಲಿಯನ್ನು ಇರುಳೆಲ್ಲ ಇಟ್ಟು, ಬೆಳಗ್ಗೆ ಹುಳಿ ಬಂದ ಮೇಲೆ ಮಜ್ಜಿಗೆ, ಉಪ್ಪು, ಈರುಳ್ಳಿ ಕೂಡಿಸಿ ಕುಡಿಯುವುದೂ ಹುದುಗಿನ ವಿದ್ಯೆಯೇ, ಅಮಲಿಲ್ಲವೆಂಬುದಷ್ಟೇ ಭೇದ.

ಈ ವಿದ್ಯೆ ಈಗ ಸದ್ದಿಲ್ಲದೆ ಸರಿದುಹೋಗುತ್ತಿದೆ. ಹೊಲದಲ್ಲಿ ರಾಗಿ ಬೆಳೆಯುವ ಮನೆಯ ಮಗುವೂ ಚಾಕೊಲೇಟಿನ ಗಂಧದ ಮಾಲ್ಟ್ ಪುಡಿಯ ಪೊಟ್ಟಣವನ್ನು ಅಂಗಡಿಯಿಂದ ಬಯಸುತ್ತದೆ. ಮಾಲ್ಟ್ ಎಂಬುದು ಮನೆಯಲ್ಲಿಯೇ ಇದ್ದ ವಸ್ತುವೆಂಬ ಅರಿವು ಕೊಳ್ಳುವವರಿಗೂ ಇಲ್ಲ, ಮಾರುವವರಿಗೂ ಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂಬುದನ್ನು ಪಠ್ಯದಲ್ಲಿ ಓದುವ ಮಕ್ಕಳು ಮನೆಯ ಅಂಬಲಿಯನ್ನು ಬಡತನದ ಗುರುತೆಂದು ಮರೆಮಾಡುತ್ತಾರೆ.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತುಗಳಿವೆ. ಮಕ್ಕಳ ನಾಲಗೆ ಹಿರಿಯರ ನಾಲಗೆಯ ನಕಲಾಗಬೇಕೆಂಬ ನಿಯಮವಿಲ್ಲ. ಚಾಕೊಲೇಟು ಪರಕೀಯವೆಂಬ ವಾದವೂ ನಿಲ್ಲುವುದಿಲ್ಲ. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಸಹಕಾರ ಸಂಸ್ಥೆಯು 1986ರಿಂದ ಪುತ್ತೂರಿನಲ್ಲಿ ಚಾಕೊಲೇಟು ತಯಾರಿಸುತ್ತಿದೆ. ದಕ್ಷಿಣ ಕನ್ನಡದ ಅಡಕೆ ತೋಟಗಳ ನೆರಳಿನಲ್ಲಿ ಕೋಕೊ ಬೆಳೆಯುತ್ತದೆ. ಕೋಕೊ ಬೀಜವನ್ನೂ ಹಲವು ದಿನ ತಿರುಳಿನೊಡನೆ ಹುದುಗಿಸಿಯೇ ಹುರಿಯಬೇಕು. ಆ ದೃಷ್ಟಿಯಿಂದ ಚಾಕೊಲೇಟು ಅಂಬಲಿಯ ದಾಯಾದಿ. ರಾಗಿಯ ಹುರಿಹಿಟ್ಟಿಗೆ ಒಂದು ಚಿಟಿಕೆ ಕೋಕೊ, ಬೆಟ್ಟದ ನೆಲ್ಲಿಯ ಪುಡಿ, ಮಾಗಿದ ಬಾಳೆಹಣ್ಣು, ನೇರಳೆಯ ರಸ ಇವನ್ನು ಕೂಡಿಸಿದರೆ ರಾಗಿಗೆ ಅಪಚಾರವಾಗದು. ಆ ಬೆರಕೆಯಲ್ಲಿ ರಾಗಿಯ ಕಮ್ಮನೆಯ ವಾಸನೆ ನಾಲಗೆಗೆ ಸಿಗುವವರೆಗೆ ಅದು ರಾಗಿಯ ಖಾದ್ಯವೇ. ಸಕ್ಕರೆ ಮತ್ತು ಕೃತಕ ಗಂಧದ ನಡುವೆ ಯಾವ ಕಾಳಿದೆಯೆಂದೇ ತಿಳಿಯದಂತಾದಾಗ ಮಾತ್ರ ನಯಸೇನನ ಆಕ್ಷೇಪ ತಟ್ಟುತ್ತದೆ.

ಮದ್ಯದ ವಿಷಯದಲ್ಲಿ ಈ ಮುಚ್ಚುವಿಕೆಗೆ ಇನ್ನೂ ಕಠಿಣವಾದ ಅರ್ಥವಿದೆ. ಬಿಯರಿನ ಕಹಿ ಹೊಸಬನನ್ನು ತಡೆದು ನಿಲ್ಲಿಸುವ ಒಂದು ಎಚ್ಚರಿಕೆ. ಹಣ್ಣಿನ ಸಿಹಿಯಲ್ಲಿ ಆ ಕಹಿಯನ್ನು ಅಡಗಿಸಿದರೆ ಎಚ್ಚರಿಕೆ ಮರೆಯಾಗುತ್ತದೆ, ಅಮಲು ಉಳಿಯುತ್ತದೆ. ಎಳೆಯರನ್ನು ಕುಡಿತದ ಕಡೆಗೆ ಸೆಳೆಯುವ ಸುಲಭ ದಾರಿ ಇದು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾದದ್ದರ ಹಿಂದೆ ಅದೆಷ್ಟೋ ಮನೆಗಳ ಹೆಂಗಸರ ಸಂಕಟವಿತ್ತು; ಗಡಿಯ ಆಚೆಗೂ ಈಚೆಗೂ ಆ ಸಂಕಟದ ಸ್ವರೂಪ ಬೇರೆಯಲ್ಲ. ಕನ್ನಡ ಸಾಹಿತ್ಯ ಇದನ್ನು ನೇರವಾಗಿ ನೋಡಿದೆ. ವಚನಕಾರರಲ್ಲಿ ಒಬ್ಬನಾದ ಹೆಂಡದ ಮಾರಯ್ಯ ಹೆಂಡ ಮಾರುವ ಕಾಯಕದವನಾಗಿದ್ದೂ ‘ಧರ್ಮೇಶ್ವರಲಿಂಗ’ದ ಅಂಕಿತದಲ್ಲಿ ಅಮಲಿನ ಸ್ವರೂಪವನ್ನು ಬಿಡಿಸಿಟ್ಟನು. ಜಿ.ಪಿ. ರಾಜರತ್ನಂ ಅವರು ‘ರತ್ನನ ಪದಗಳು’ ಸಂಕಲನದಲ್ಲಿ ಕುಡುಕನ ನಾಲಗೆಯ ಕನ್ನಡಕ್ಕೆ ಕಾವ್ಯದ ಗೌರವ ತಂದರು. ಅವನ ದಾರಿದ್ರ್ಯವನ್ನು ಮಾತ್ರ ಸಿಹಿಗೊಳಿಸಲಿಲ್ಲ.

ರಾಗಿಯ ಘನತೆಯ ವಿಷಯದಲ್ಲಿಯೂ ಸಾಹಿತ್ಯವೇ ದಾರಿ ತೋರಿದೆ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ನರೆದಲೆಗಕ್ಕೂ ವಾದವೇರ್ಪಟ್ಟಾಗ ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಪರೀಕ್ಷಿಸುತ್ತಾನೆ. ಭತ್ತ ಕಂದುತ್ತದೆ, ನರೆದಲೆಗ ಹಾಗೆಯೇ ಉಳಿದು ರಾಘವನ ಹೆಸರನ್ನು ಪಡೆಯುತ್ತದೆ. ಅಲ್ಲಿ ರಾಗಿ ಗೆದ್ದದ್ದು ತನ್ನ ಸಹಜವಾದ ಕಸುವಿನಿಂದ. ಅಂಥ ಧಾನ್ಯದ ಮೇಲೆ ಹತ್ತು ಅಂಕದ ಉತ್ತರ ಬರೆಯುವ ವಿದ್ಯಾರ್ಥಿಗೆ ಅದನ್ನು ಮೊಳಕೆ ಕಟ್ಟುವ ಹದ ತಿಳಿಯದಿದ್ದರೆ ಓದು ಅರ್ಧದಲ್ಲೇ ನಿಂತಂತೆ.

ಕನ್ನಡ ವಿಭಾಗಗಳಿಗೆ ಇಲ್ಲಿ ಮಾಡತಕ್ಕ ಕೆಲಸವೊಂದಿದೆ. ರುಚಿ ಹೋದರೆ ಅದರ ಹಿಂದೆಯೇ ಮಾತೂ ಹೋಗುತ್ತದೆ. ಹೊದಲು, ಹುರಿಹಿಟ್ಟು, ಸರಿ, ತಂಗಳು, ಹದ, ಕಂಪು, ಕಮಟು, ಒಗರು ಮುಂತಾದ ಪದಗಳು ಕೋಶದಲ್ಲಿ ಉಳಿದ ಮಾತ್ರಕ್ಕೆ ಬದುಕಿದಂತಲ್ಲ. ಕೈಗೆ ಕೆಲಸವಿರುವವರೆಗೆ ಮಾತ್ರ ಅವು ಬಾಯಲ್ಲಿ ಇರುತ್ತವೆ. ತಾಳವಾಡಿ ಸೀಮೆಯ ಕನ್ನಡದಲ್ಲಿ ತಮಿಳಿನ ಕೊಡುಕೊಳೆಯೂ ಇದೆ, ಬೆಟ್ಟದ ಸೋಲಿಗರ ಹಾಗೂ ಊರಾಳಿಗಳ ನುಡಿಯ ನೆರೆಯೂ ಇದೆ. ಆ ಬೆರಕೆ ತುಪ್ಪಕ್ಕೆ ಬಿದ್ದ ಎಣ್ಣೆಯಲ್ಲ, ಕಾಲದಿಂದ ಹುದುಗಿ ಹದಗೊಂಡದ್ದು. ಅಲ್ಲಿಂದ ಬಂದ ವಿದ್ಯಾರ್ಥಿಗಳು ಒಂದು ಬೇಸಗೆಯ ರಜೆಯಲ್ಲಿ ತಮ್ಮ ಅಜ್ಜಿಯರ ಬಳಿ ಕುಳಿತು ರಾಗಿಯ ಪ್ರತಿಯೊಂದು ಹಂತದ ಹೆಸರನ್ನೂ ವಿಧಾನವನ್ನೂ ಬರೆದಿಟ್ಟುಕೊಂಡರೆ, ಯಾವ ಸಂಶೋಧನ ಪ್ರಬಂಧಕ್ಕೂ ಕಡಿಮೆಯಿಲ್ಲದ ಸಾಮಗ್ರಿ ದೊರೆಯುತ್ತದೆ. ಊರಿನ ಮಹಿಳಾ ಸ್ವಸಹಾಯ ಸಂಘಗಳು ಅದೇ ವಿಧಾನದಿಂದ ಹಿಟ್ಟು ಮಾಡಿ, ನೆಲ್ಲಿಯನ್ನೋ ಕೋಕೊವನ್ನೋ ಮಿತವಾಗಿ ಬೆರೆಸಿ, ಪೊಟ್ಟಣದ ಮೇಲೆ ಮೊದಲ ಹೆಸರಾಗಿ ರಾಗಿಯದನ್ನೇ ಬರೆದು ಮಾರಿದರೆ ರೈತರಿಗೂ ಲಾಭವಾದೀತು.

ರುಚಿಯನ್ನು ಕೂಡಿಸುವವರು ಮೊದಲು ಕಾಳನ್ನು ಬಲ್ಲವರಾಗಿರಬೇಕು. ಬೆಲ್ಜಿಯಂನ ಪರಂಪರೆಯವರು ತಮ್ಮ ಹುಳಿಬಿಯರನ್ನು ಅರಿತೇ ಅದಕ್ಕೆ ಚೆರಿಹಣ್ಣು ಕೂಡಿಸಿದರು. ಪಂಪನು ದೇಸಿಯನ್ನು ಅರಿತೇ ಮಾರ್ಗವನ್ನು ಅದರೊಡನೆ ಹೊಂದಿಸಿದನು. ತಾಳವಾಡಿಯ ಮಕ್ಕಳಿಗೆ ರಾಗಿಯ ರುಚಿ ಮೊದಲು ದಕ್ಕಲಿ. ಆಮೇಲೆ ಅದಕ್ಕೆ ಏನನ್ನು ಬೆರೆಸಬೇಕು, ಏನನ್ನು ಬಿಡಬೇಕು ಎಂಬುದನ್ನು ಅವರ ನಾಲಗೆಯೇ ನಿರ್ಧರಿಸುತ್ತದೆ.