ಜಾಲರಿ ಹಾಕಿದರೆ ಸಾಲದು, ಬಿಡಿಸುವವರು ಬೇಕು

ಬಲೆಯ ಬಗ್ಗೆ ಮಂಗಳೂರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಲೆ ಬೀಸುವುದು ಸ್ವಲ್ಪ ಹೊತ್ತಿನ ಕೆಲಸ. ಬಿಡಿಸುವುದು, ತೊಳೆಯುವುದು, ಹರಿದಲ್ಲಿ ಹೊಲಿಯುವುದು ದಿನವಿಡೀ ಇರುವ ಕೆಲಸ ಎಂದು ಇಲ್ಲಿನ ಮೀನುಗಾರರ ಮನೆಯ ಮಕ್ಕಳಿಗೂ ಗೊತ್ತು. ಆದರೆ ಮಳೆನೀರು ಹರಿಯುವ ತೋಡುಗಳಿಗೆ ಕಸ ತಡೆಯುವ ಜಾಲರಿ ಹಾಕುವ ಮಾತು ಬಂದಾಗ ಮಾತ್ರ ನಾವು ಈ ತಿಳಿವಳಿಕೆಯನ್ನು ಮರೆತುಬಿಡುತ್ತೇವೆ. ಜಾಲರಿಗೆ ಹಣ ಸಿಗುತ್ತದೆ, ಉದ್ಘಾಟನೆ ಆಗುತ್ತದೆ, ಫೋಟೊ ಬರುತ್ತದೆ. ಅದರಲ್ಲಿ ಸಿಕ್ಕಿಬಿದ್ದ ಕಸವನ್ನು ದಿನಾ ತೆಗೆಯುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು, ತೆಗೆದ ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ನನ್ನ ಹಾಗೆ ಕೆಲಸ ಹುಡುಕುತ್ತಿರುವವರು ಈ ಪುಟದ ಓದುಗರಲ್ಲಿ ಬಹಳ ಮಂದಿ ಇದ್ದಾರೆ. ಹಾಗಾಗಿ ತೋಡಿನ ಕಸವನ್ನು ಪರಿಸರದ ಪ್ರಶ್ನೆಯಾಗಿ ಮಾತ್ರವಲ್ಲ, ಮಾಡಬೇಕಾದ ಒಂದು ಕೆಲಸವಾಗಿಯೂ ನೋಡೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಊರಿನ ನೆಲವನ್ನು ನೋಡಿ. ಮಂಗಳೂರು ಗುಡ್ಡ ಮತ್ತು ತಗ್ಗುಗಳ ಊರು. ಕದ್ರಿ, ಬಿಜೈಯಂಥ ಎತ್ತರದ ಕಡೆ ಬಿದ್ದ ನೀರು ಕೊಟ್ಟಾರ, ಕುದ್ರೋಳಿ, ಜೆಪ್ಪಿನಮೊಗರಿನಂಥ ತಗ್ಗಿಗೆ ಇಳಿಯಲೇಬೇಕು. ಉತ್ತರದ ಕಡೆಯ ನೀರು ಫಲ್ಗುಣಿಗೆ, ದಕ್ಷಿಣದ ಕಡೆಯದು ನೇತ್ರಾವತಿಗೆ. ಎರಡೂ ನದಿಗಳು ಸೇರಿ ಅಳಿವೆಬಾಗಿಲಿನಲ್ಲಿ ಕಡಲಿಗೆ ಬೀಳುತ್ತವೆ. ದಾರಿ ಚಿಕ್ಕದು, ಇಳಿಜಾರು ಹೆಚ್ಚು. ಗುಡ್ಡದ ಮೇಲಿನ ರಸ್ತೆಬದಿಯಲ್ಲಿ ಎಸೆದ ತೊಟ್ಟೆ ಒಂದೇ ಜಡಿಮಳೆಗೆ ನದಿ ಸೇರಬಹುದು. ನಡುವೆ ಅದನ್ನು ತಡೆಯುವ ಕೆರೆ, ಗದ್ದೆಗಳು ಈಗ ಕಡಿಮೆ.

ಮಳೆಯೂ ಸಣ್ಣದಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಬೀಳುವ ಊರಿದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಅದಕ್ಕೂ ಮುಂಚಿನ ಒಣ ತಿಂಗಳುಗಳಲ್ಲಿ ಚರಂಡಿಯಲ್ಲಿ ಕಸ, ಮರಳು, ರಸ್ತೆಯ ಎಣ್ಣೆ, ಧೂಳು ಎಲ್ಲವೂ ಕೂತಿರುತ್ತವೆ. ಮೊದಲ ಒಂದೆರಡು ದೊಡ್ಡ ಮಳೆಗೆ ಅದೆಲ್ಲ ಒಟ್ಟಿಗೆ ಎದ್ದು ಬರುತ್ತದೆ. 2018ರ ಮೇ 29ರ ಮಳೆಯನ್ನು ನಗರ ಇನ್ನೂ ಮರೆತಿಲ್ಲ. ಮುಂಗಾರು ಕಾಲಿಡುವ ಹೊತ್ತಿನ ಆ ಒಂದೇ ದಿನದ ಮಳೆಗೆ ರಸ್ತೆಗಳು ತೋಡುಗಳಾದವು, ಮನೆಗಳಿಗೆ ನೀರು ನುಗ್ಗಿತು. ರಾಜಕಾಲುವೆಗಳ ಒತ್ತುವರಿ, ಹೂಳು, ಕಸ ಮೂರೂ ಆಗ ಚರ್ಚೆಗೆ ಬಂದವು. ಅಂದಿನಿಂದ ಪ್ರತಿ ಮೇ ತಿಂಗಳಲ್ಲಿ ಹೂಳೆತ್ತುವ ಸುದ್ದಿ ಓದುತ್ತೇವೆ, ಜುಲೈಯಲ್ಲಿ ನೀರು ನಿಂತ ಸುದ್ದಿಯನ್ನೂ ಓದುತ್ತೇವೆ.

ಕಸ ತಡೆಯಲು ಜಾಲರಿ ಹಾಕುವುದು ಸರಿಯಾದ ಯೋಚನೆಯೇ. ಆದರೆ ಅರ್ಧ ಯೋಚನೆ ಹೇಗೆ ಅಪಾಯ ತರುತ್ತದೆ ಎಂದು ನಮ್ಮ ಅಡ್ಡರಸ್ತೆಯಲ್ಲೇ ನೋಡಿದ್ದೇನೆ. ಎರಡು ವರ್ಷದ ಹಿಂದೆ ಮನೆ ಹತ್ತಿರದ ತೋಡಿಗೆ ಮೋರಿಯ ಬಾಯಲ್ಲಿ ಕಬ್ಬಿಣದ ಜಾಲರಿ ಕೂರಿಸಿದರು. ನೆಟ್ಟಗೆ ನಿಲ್ಲಿಸಿದ ಸರಳು, ಬೆರಳು ತೂರುವಷ್ಟೇ ಸಂದು. ಮೊದಲ ಮಳೆಗೆ ಸೀಯಾಳದ ಚಿಪ್ಪು, ಹಾಲಿನ ಪ್ಯಾಕೆಟ್, ತೆಂಗಿನ ಗರಿ, ಥರ್ಮೋಕೋಲ್ ಎಲ್ಲ ಬಂದು ಅಂಟಿಕೊಂಡು ಅದೊಂದು ಗೋಡೆಯೇ ಆಯಿತು. ತೆಗೆಯಲು ಯಾರನ್ನೂ ನೇಮಿಸಿರಲಿಲ್ಲ. ನೀರು ಹಿಂದಕ್ಕೆ ತಿರುಗಿ ಪಕ್ಕದ ಮನೆಯ ಅಡುಗೆಕೋಣೆಗೆ ಹೋಯಿತು. ಆ ಮನೆಯ ಅಜ್ಜಿ ನನ್ನನ್ನು ಕೇಳಿದ್ದು ಒಂದೇ ಮಾತು: “ಮಗಾ, ನೀರು ಹೋಗುವ ದಾರಿಗೆ ಬಾಗಿಲು ಇಟ್ಟದ್ದು ಯಾರು?” ರಾತ್ರಿ ಯಾರೋ ಸರಳು ಬಗ್ಗಿಸಿ ದಾರಿ ಮಾಡಿದರು. ಕಸ ನದಿಗೆ ಹೋಯಿತು, ಮನೆ ಉಳಿಯಿತು. ಆ ಜನರನ್ನು ನಾನು ದೂರುವುದಿಲ್ಲ.

ಲೆಕ್ಕ ಹಾಕಿದರೆ ಇದು ಆಗಲೇಬೇಕಾದದ್ದು. ಒಂದು ಹೆಕ್ಟೇರ್ ಕಾಂಕ್ರೀಟು, ಛಾವಣಿ, ಡಾಂಬರಿನ ಪ್ರದೇಶದಲ್ಲಿ ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದು ಅದರ ಶೇ 80ರಷ್ಟು ಹರಿದರೆ, ಚರಂಡಿಗೆ ಬರುವ ನೀರು ಗಂಟೆಗೆ 4 ಲಕ್ಷ ಲೀಟರ್. ಅಂದರೆ ಪ್ರತಿ ಸೆಕೆಂಡಿಗೆ ಸುಮಾರು 110 ಲೀಟರ್. ಇದು ಬರೀ ಒಂದು ಹೆಕ್ಟೇರಿನದು. ಜಾಲರಿ ಅರ್ಧ ಮುಚ್ಚಿದರೆ ಇಷ್ಟು ನೀರು ಕಾಯುತ್ತಾ ನಿಲ್ಲುವುದಿಲ್ಲ, ತಗ್ಗಿನ ಮನೆಯನ್ನು ಹುಡುಕುತ್ತದೆ.

ಆದ್ದರಿಂದ ಜಾಲರಿಯನ್ನು ಓರೆಯಾಗಿ ಇಡಬೇಕು. ಕಸ ಅಡಿಯಲ್ಲಿ ಒತ್ತಿಕೊಳ್ಳದೆ ಮೇಲಕ್ಕೆ ಸರಿಯುತ್ತದೆ, ಕುಂಟೆಯಿಂದ ಎಳೆಯಲೂ ಸುಲಭ. ಮೇಲ್ಭಾಗದಲ್ಲಿ ಅಗಲ ಸಂದಿನದು, ಕೆಳಗೆ ಹೋದಂತೆ ಸಣ್ಣ ಸಂದಿನದು ಹೀಗೆ ಹಂತಹಂತವಾಗಿ ಹಾಕಬೇಕು. ಜಾಲರಿ ತುಂಬಿದರೂ ನೀರು ಮೇಲಿನಿಂದ ಹಾರಿಹೋಗಲು ದಾರಿ ಬಿಟ್ಟಿರಬೇಕು. ದಡಕ್ಕೆ ಗಾಡಿ ಬರುವಂತಿರಬೇಕು. ಅಗಲವಾದ ತೋಡಿಗೆ ತೇಲುವ ತಡೆ ಒಳ್ಳೆಯದು. ಅದನ್ನು ಹರಿವಿಗೆ ಅಡ್ಡಲಾಗಿ ಅಲ್ಲ, ಓರೆಯಾಗಿ ಕಟ್ಟಿದರೆ ಕಸ ತಾನಾಗಿ ಒಂದು ದಡಕ್ಕೆ ಬಂದು ಸೇರುತ್ತದೆ. ಚೆನ್ನೈಯ ಕೂವಂ ನದಿಯಲ್ಲಿ ಇಂಥ ತೇಲುವ ತಡೆಗಳನ್ನು ಹಾಕಿದ್ದಾರೆ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಕಡಲಿನ ಉಬ್ಬರಕ್ಕೆ ತಗ್ಗಿನ ತೋಡುಗಳಲ್ಲಿ ನೀರು ಹಿಂದಕ್ಕೆ ಹರಿಯುತ್ತದೆ. ಇಳಿತದಲ್ಲಿ ಸೇರಿದ ಕಸ ಉಬ್ಬರದಲ್ಲಿ ಮತ್ತೆ ಮೇಲಕ್ಕೆ ಬರುತ್ತದೆ. ಬೇರೆ ಊರಿನ ನಕ್ಷೆಯನ್ನು ತಂದು ಇಲ್ಲಿ ಅಂಟಿಸಿದರೆ ಆಗದು.

ಆಸ್ಟ್ರೇಲಿಯಾದ ಪರ್ತ್ ಬಳಿಯ ಕ್ವಿನಾನಾ ಎಂಬ ಊರಿನ ಬಲೆಯ ಫೋಟೊವನ್ನು ನೀವೂ ವಾಟ್ಸ್ಆ್ಯಪ್‌ನಲ್ಲಿ ನೋಡಿರಬಹುದು. ಚರಂಡಿಯ ಕೊಳವೆ ಬಾಯಿಗೆ ಉದ್ದನೆಯ ಬಲೆಚೀಲ. 2018ರಲ್ಲಿ ಹಾಕಿದ ಎರಡು ಬಲೆಗಳಲ್ಲಿ ಮೊದಲ ಕೆಲವೇ ತಿಂಗಳಲ್ಲಿ 370 ಕಿಲೋ ಕಸ ಸಿಕ್ಕಿತು. “ನಮ್ಮಲ್ಲೂ ಹೀಗೆ ಮಾಡಬಾರದೇ?” ಎಂದು ಬರೆದು ಹಂಚಿಕೊಂಡವರು ಎರಡು ವಿಷಯ ಬಿಟ್ಟಿದ್ದರು. ಪರ್ತ್‌ನ ಮಳೆ ನಮ್ಮ ಮಳೆಯ ಕಾಲು ಭಾಗಕ್ಕಿಂತಲೂ ಕಡಿಮೆ. ಅಲ್ಲದೆ, ತುಂಬಿದ ಬಲೆಯನ್ನು ಎತ್ತಲು ಅಲ್ಲಿ ವಾಹನ ಬರುತ್ತದೆ, ಕಸ ವಿಂಗಡಣೆಗೆ ಹೋಗುತ್ತದೆ. ಫೋಟೊದಲ್ಲಿ ಬಲೆ ಕಂಡಿತು, ಈ ವ್ಯವಸ್ಥೆ ಕಾಣಲಿಲ್ಲ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ 2014ರಿಂದ ಒಂದು ನೀರುಚಕ್ರ ಜೋನ್ಸ್ ಫಾಲ್ಸ್ ಎಂಬ ಹೊಳೆಯ ಬಾಯಲ್ಲಿ ಕಸ ಎತ್ತುತ್ತಿದೆ. ಹರಿವಿನ ಶಕ್ತಿ, ಬಿಸಿಲಿನ ವಿದ್ಯುತ್ ಎರಡರಿಂದಲೂ ಅದು ತಿರುಗುತ್ತದೆ. ನನಗೆ ಇಷ್ಟವಾದದ್ದು ಯಂತ್ರವಲ್ಲ, ಅವರ ಲೆಕ್ಕದ ಪುಸ್ತಕ. ಎಷ್ಟು ಟನ್ ಸಿಕ್ಕಿತು, ಅದರಲ್ಲಿ ಬಾಟಲಿ ಎಷ್ಟು, ಫೋಮ್ ತಟ್ಟೆ ಎಷ್ಟು ಎಂದು ಅಂದಾಜಿಸಿ ಜನರ ಮುಂದೆ ಇಡುತ್ತಾರೆ. 2020ರಲ್ಲಿ ಅಲ್ಲಿನ ಮೇರಿಲ್ಯಾಂಡ್ ರಾಜ್ಯ ಫೋಮ್ ತಟ್ಟೆ-ಲೋಟಗಳ ನಿಷೇಧ ಜಾರಿಗೆ ತಂದಿತು. ನಿಷೇಧ ಬೇಕೆಂದು ವಾದಿಸಿದವರಿಗೆ ಈ ಲೆಕ್ಕ ಒದಗಿತ್ತು. “ಮೊದಲು ಜನ ಕಸ ಎಸೆಯುವುದನ್ನು ನಿಲ್ಲಿಸಲಿ, ಆಮೇಲೆ ಜಾಲರಿ” ಎನ್ನುವವರಿಗೆ ನನ್ನ ಉತ್ತರವೂ ಇದೇ. ಯಾರು ಎಸೆಯುತ್ತಾರೆ, ಏನನ್ನು ಎಸೆಯುತ್ತಾರೆ ಎಂದು ತಿಳಿಯುವುದೇ ಜಾಲರಿಯಿಂದ. ಚರಂಡಿಗೆ, ಜಲಮೂಲಕ್ಕೆ ಕಸ ಹಾಕಬಾರದು ಎಂದು ಘನತ್ಯಾಜ್ಯ ನಿಯಮ ಹೇಳುತ್ತದೆ. ಪ್ಲಾಸ್ಟಿಕ್ ಹೊದಿಕೆಯಲ್ಲಿ ಸರಕು ಮಾರುವ ಕಂಪನಿಗೂ ಆ ಪ್ಲಾಸ್ಟಿಕ್‌ನ ಹೊಣೆ ಇದೆ ಎಂದು 2016ರ ಪ್ಲಾಸ್ಟಿಕ್ ನಿಯಮ ಹೇಳುತ್ತದೆ. ಕೈಯಲ್ಲಿ ಲೆಕ್ಕ ಇದ್ದರೆ ಮಾತ್ರ ಈ ನಿಯಮಗಳನ್ನು ಹಿಡಿದು ಪ್ರಶ್ನಿಸಲು ಸಾಧ್ಯ.

ತೆಗೆದ ಕಸ ಎಲ್ಲಿಗೆ ಎಂಬುದು ಮುಂದಿನ ಪ್ರಶ್ನೆ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಬಂದದ್ದು ನೆನಪಿದೆಯಲ್ಲ? ಅಲ್ಲಿನ ಕುಟುಂಬಗಳು ಊರು ಬಿಡಬೇಕಾಯಿತು. ತೋಡಿನಿಂದ ಎತ್ತಿದ್ದನ್ನು ಹಾಗೇ ಒಯ್ದು ಇನ್ನೊಂದು ರಾಶಿಗೆ ಸುರಿದರೆ ಕಷ್ಟವನ್ನು ಒಬ್ಬರ ಅಂಗಳದಿಂದ ಇನ್ನೊಬ್ಬರ ತೋಟಕ್ಕೆ ಸಾಗಿಸಿದಂತೆ ಅಷ್ಟೆ. ಗರಿ, ಚಿಪ್ಪು, ಎಲೆ ಬೇರೆ, ಬಾಟಲಿ ಬೇರೆ, ಮಣ್ಣು ಹತ್ತಿದ ತೊಟ್ಟೆ ಬೇರೆ. ದಡದಲ್ಲೇ ವಿಂಗಡಿಸಬೇಕು.

ಜಾಲರಿಗೆ ಸಿಗದೇ ಹೋಗುವುದೂ ಬಹಳಷ್ಟಿದೆ. ಮಳೆನೀರಿನ ಚರಂಡಿಗೆ ಕದ್ದು ಬಿಟ್ಟ ಶೌಚದ ನೀರು, ಸಾಬೂನು, ಗ್ಯಾರೇಜಿನ ಎಣ್ಣೆ ಯಾವ ಜಾಲರಿಗೂ ಸಿಗುವುದಿಲ್ಲ. ಮರಳು, ಹೂಳಿಗೆ ನೀರಿನ ವೇಗ ತಗ್ಗಿಸುವ ಗುಂಡಿ ಬೇಕು. ಎಣ್ಣೆಗೆ ಗ್ಯಾರೇಜಿನಲ್ಲೇ ಎಣ್ಣೆ ಬೇರ್ಪಡಿಸುವ ತೊಟ್ಟಿ ಬೇಕು. ಶೌಚದ ನೀರಿಗೆ ಒಳಚರಂಡಿಯ ಸಂಪರ್ಕವೇ ಬೇಕು. ಜಾಲರಿ ಹಾಕಿ “ತೋಡು ಶುದ್ಧವಾಯಿತು” ಎಂದರೆ ನಂಬಬಾರದು.

ಇನ್ನು ಉದ್ಯೋಗದ ಮಾತು. ಜೂನ್‌ನಿಂದ ಸೆಪ್ಟೆಂಬರ್ ಅಂದರೆ 122 ದಿನ. ಪ್ರತಿ ಜಾಲರಿಗೆ ಅಷ್ಟೂ ದಿನ, ದೊಡ್ಡ ಮಳೆ ಬಂದರೆ ರಾತ್ರಿಯೂ, ಜನ ಬೇಕು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಹೊತ್ತಿಗೆ ಬಲೆ, ಹಗ್ಗ, ನೀರಿನ ಸೆಳೆತ ಗೊತ್ತಿರುವ ಎಷ್ಟೋ ಮಂದಿಗೆ ದುಡಿಮೆ ಇರುವುದಿಲ್ಲ. ಅವರನ್ನು ಸಂಬಳ ಕೊಟ್ಟು ಕರೆಯಬಹುದು. ಆದರೆ ಬರಿಗೈಯಲ್ಲಿ ಇಳಿಸುವಂತಿಲ್ಲ. ಈ ನೀರಿನಲ್ಲಿ ಇಲಿಜ್ವರ ಇದೆ, ಒಡೆದ ಗಾಜು ಇದೆ. ಗಮ್‌ಬೂಟು, ಕೈಗವಸು, ಉದ್ದ ಹಿಡಿಯ ಕುಂಟೆ, ವಿಮೆ ಇಲ್ಲದೆ ಯಾರನ್ನೂ ಕಳಿಸಬಾರದು. ಒಳಚರಂಡಿಗೆ, ಮಲಗುಂಡಿಗೆ ಮನುಷ್ಯರನ್ನು ಅಪಾಯಕಾರಿ ರೀತಿಯಲ್ಲಿ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ತೋಡಿನ ಹೆಸರಿನಲ್ಲಿ ಅದೇ ಕೆಲಸ ಮಾಡಿಸಲು ಬಿಡಬಾರದು. ನಮ್ಮಂಥವರಿಗೂ ಇಲ್ಲಿ ಕೆಲಸ ಇದೆ. ತೋಡಿನ ನಕ್ಷೆ ಮಾಡುವುದು, ಅಡ್ಡಗಲ ಅಳೆಯುವುದು, ಹರಿವಿನ ಲೆಕ್ಕ, ಕಸದ ತೂಕ, ದಿನದ ದಾಖಲೆ. ಪಾಲಿಕೆ, ಗುತ್ತಿಗೆದಾರರು ಈ ಕೆಲಸಗಳಿಗೆ ಹೆಸರಿಟ್ಟು ಸಂಬಳ ನಿಗದಿ ಮಾಡಬೇಕು. ಸ್ವಯಂಸೇವೆ ಒಂದು ಭಾನುವಾರಕ್ಕೆ ಸಾಕು, 122 ದಿನಕ್ಕೆ ಸಾಲದು.

ಕಾಲೇಜಿನಲ್ಲಿರುವ ಗೆಳೆಯರೇ, ಕೊನೆಯ ವರ್ಷದ ಪ್ರಾಜೆಕ್ಟಿಗೆ ಕಪಾಟಿನಲ್ಲಿ ಕೂರುವ ಮಾದರಿಯ ಬದಲು ನಿಮ್ಮ ವಾರ್ಡಿನ ಒಂದು ತೋಡನ್ನು ಆರಿಸಿಕೊಳ್ಳಿ. ಒಂದು ಮಳೆಗಾಲ ಅದನ್ನು ಅಳೆಯಿರಿ. ದಡದಲ್ಲಿ ನಿಂತೇ ಅಳೆಯಿರಿ, ನೆರೆ ಬಂದಾಗ ನೀರಿಗೆ ಇಳಿಯಬೇಡಿ. ವಾಣಿಜ್ಯ, ಸಮಾಜಕಾರ್ಯ ಓದುವವರು ಖರ್ಚಿನ ಲೆಕ್ಕ, ಮನೆಗಳ ಸಮೀಕ್ಷೆ ಮಾಡಬಹುದು. ಪಾಲಿಕೆಯ 60 ವಾರ್ಡುಗಳಲ್ಲಿ ಪ್ರತಿಯೊಂದಕ್ಕೂ ಇಂಥ ಒಂದು ವರದಿ ಇದ್ದರೆ ಅದು ಸಣ್ಣ ಸಂಗತಿಯಲ್ಲ.

ಜಾಲರಿಯ ಟೆಂಡರ್ ಆದಾಗ ಮಾಹಿತಿ ಹಕ್ಕಿನಲ್ಲಿ ಅದರ ಪ್ರತಿ ಕೇಳಿ ಪಡೆಯಿರಿ. ಕಬ್ಬಿಣಕ್ಕೆ ಎಷ್ಟು, ಬಿಡಿಸುವ ಜನರಿಗೆ ಎಷ್ಟು, ಕಸ ಸಾಗಿಸಲು ಎಷ್ಟು ಎಂಬ ಮೂರು ಸಾಲು ಹುಡುಕಿ. ಎರಡನೆಯ ಸಾಲು ಖಾಲಿ ಇದ್ದರೆ ಏಪ್ರಿಲ್‌ನಲ್ಲೇ ಬರೆದು ಕೇಳಿ. ಮಳೆ ಶುರುವಾದ ಮೇಲೆ ಕೇಳಿದರೆ ಉತ್ತರಕ್ಕಿಂತ ಮೊದಲು ನೀರು ಬಂದಿರುತ್ತದೆ.