ಹೆಣ್ಣುಮಕ್ಕಳ ನಿದ್ರೆ

ಪಾಲಕರಲ್ಲಿಯೂ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನನ್ನದೊಂದು ಬಿನ್ನಹವುಂಟು.

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಬೆಳಗಿನ ಮೊದಲನೆಯ ಪಾಠದಲ್ಲಿ ದಿನವೂ ತೂಕಡಿಸುತ್ತಿದ್ದಳು. ಸೋಮಾರಿಯೆಂದು ಅವಳನ್ನು ಎಲ್ಲರೆದುರಿಗೆ ಗದರಿಸಿದೆನು. ತರುವಾಯ ಅವಳ ತಾಯಿಯಿಂದ ನಿಜಸಂಗತಿಯು ತಿಳಿಯಿತು. ಪಾತ್ರೆಗಳನ್ನು ತೊಳೆದು, ಪಾಠಗಳನ್ನು ಬರೆದು ಅವಳು ಮಲಗುತ್ತಿದ್ದುದು ರಾತ್ರಿ ಹನ್ನೊಂದೂವರೆಗೆ. ನಲ್ಲಿಯ ನೀರನ್ನು ಹಿಡಿಯಲು ಏಳುತ್ತಿದ್ದುದು ನಾಲ್ಕೂವರೆಗೆ. ಅದೇ ಮನೆಯಲ್ಲಿ ಅವಳ ಅಣ್ಣನು ಆರೂವರೆಯ ತನಕ ಮಲಗಿರುತ್ತಿದ್ದನು. ನಾನು ಗದರಿಸಬೇಕಾದವಳು ಆ ಬಾಲಿಕೆಯಲ್ಲವೆಂಬುದು ಆಗ ನನಗೆ ಮನವರಿಕೆಯಾಯಿತು.

ಹಾಗಾದರೆ ಎಷ್ಟು ನಿದ್ರೆ ಬೇಕು? ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯು 2016ರಲ್ಲಿ ತಿಳಿಸಿರುವಂತೆ, 6ರಿಂದ 12 ವಯಸ್ಸಿನ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ರೆ ಅವಶ್ಯ. ವಯಸ್ಕರಿಗೆ 7 ಗಂಟೆಗೆ ಕಡಿಮೆಯಾಗಬಾರದು. ಮೇಲಾಗಿ, ಪ್ರಾಯಕ್ಕೆ ಬರುವ ಕಾಲದಲ್ಲಿ ದೇಹದೊಳಗಿನ ಗಡಿಯಾರವು ತಡವಾಗಿ ನಡೆಯುವುದರಿಂದ ಮಕ್ಕಳಿಗೆ ರಾತ್ರಿ ಬೇಗನೆ ನಿದ್ರೆ ಹತ್ತುವುದಿಲ್ಲ. ಆದುದರಿಂದ ಮುಂಜಾನೆಯ ನಿದ್ರೆಯನ್ನು ಕಸಿದರೆ ಅವರಿಗಾಗುವ ನಷ್ಟವು ದೊಡ್ಡದು.

"ನಾವೂ ಐದೇ ಗಂಟೆ ಮಲಗಿ ಓದಿದವರು, ಏನಾಯಿತು?" ಎಂದು ಕೆಲವರು ಕೇಳುವರು. 2003ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಎರಡು ವಾರ ರಾತ್ರಿಗೆ 6 ಗಂಟೆ ಮಾತ್ರ ಮಲಗಿದ ವಯಸ್ಕರ ಲಕ್ಷ್ಯವು ದಿನೇ ದಿನೇ ಕುಗ್ಗುತ್ತ ಹೋಯಿತು; ಅವರಿಗೋ ತಮ್ಮ ಕೊರತೆಯು ಅಷ್ಟಾಗಿ ತೋರಲೇ ಇಲ್ಲ. ನಿದ್ರೆಗೆಟ್ಟವರು ತಮ್ಮ ಸ್ಥಿತಿಯನ್ನು ತಾವೇ ಅಳೆಯಲಾರರು. ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ರೆಯು ಬೇಕು. ಕಲಿತ ಬಳಿಕ ಎಚ್ಚರವಿದ್ದವರಿಗಿಂತ ಮಲಗಿ ಎದ್ದವರಿಗೆ ನೆನಪು ಹೆಚ್ಚೆಂಬುದನ್ನು ಜೆಂಕಿನ್ಸ್, ಡಾಲೆನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞರು 1924ರಷ್ಟು ಹಿಂದೆಯೇ ಪ್ರಯೋಗದಿಂದ ತೋರಿಸಿದರು. ಆದರೂ ನಡುರಾತ್ರಿಯ ತನಕ ಓದುವವಳನ್ನೇ ನಾವು ಜಾಣೆಯೆಂದು ಹೊಗಳುತ್ತೇವೆ. ಆ ಹೊಗಳಿಕೆಯ ಪಾಪದಲ್ಲಿ ನನಗೂ ಪಾಲುಂಟು.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆಯೆಂಬ ಗಾದೆಯಿದೆ. ನಮ್ಮ ಹುಡುಗಿಯರಿಗೆ ಕಡಿಮೆಯಾಗಿರುವುದು ನಿಶ್ಚಿಂತೆಗಿಂತ ಹೆಚ್ಚಾಗಿ ವೇಳೆ. ಆ ವೇಳೆಯನ್ನು ಕೊಡುವುದು ಮನೆಯವರ ಕೈಯಲ್ಲಿದೆ. ಮಗಳು ಮನೆಗೆಲಸವನ್ನು ಕಲಿಯಬಾರದೆಂದು ನಾನು ಹೇಳುವುದಿಲ್ಲ. ಮಗನೂ ಕಲಿಯಲಿ ಎನ್ನುತ್ತೇನೆ. ಒಂದು ದಿನ ಅವಳು ನೀರು ತುಂಬಿಸಿದರೆ ಮರುದಿನ ಅವನು ತುಂಬಿಸಲಿ. ಮೊಬೈಲ್ ಫೋನು ರಾತ್ರಿ ಮಲಗುವ ಕೋಣೆಯ ಹೊರಗಿರಲಿ. ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವ ತಾಯಿಯೂ ಈ ಲೆಕ್ಕದಲ್ಲಿ ಸೇರಲಿ. ಮಗಳು ನೋಡಿ ಕಲಿಯುವುದು ಅವಳನ್ನೇ.

ನನ್ನ ಪಾಲಿನ ಕರ್ತವ್ಯವನ್ನೂ ನಾನು ಮರೆತಿಲ್ಲ. ಈಗ ತೂಕಡಿಸುವ ಬಾಲಿಕೆಯನ್ನು ಕಂಡರೆ ಗದರಿಸದೆ ಹತ್ತಿರ ಕರೆದು, "ನಿನ್ನೆ ಎಷ್ಟು ಗಂಟೆಗೆ ಮಲಗಿದೆಯಮ್ಮಾ?" ಎಂದು ಕೇಳುತ್ತೇನೆ. ಅದೇ ಪ್ರಶ್ನೆಯನ್ನು ನೀವೂ ಮನೆಯಲ್ಲಿ ಕೇಳಬೇಕೆಂಬುದೇ ನನ್ನ ಬಿನ್ನಹ.