ಬಾವಲಿಯ ಪರವಾಗಿ ಎರಡು ಮಾತು

ನಮ್ಮ ಬಾಲಿಕೆಯರನ್ನು ಒಮ್ಮೆ ತರೀಕೆರೆಯ ಸಮೀಪದ ಅಮೃತಾಪುರಕ್ಕೆ ಕರೆದುಕೊಂಡು ಹೋಗಿದ್ದೆವು. ಹೊಯ್ಸಳ ಎರಡನೆಯ ಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಶಿಲ್ಪಗಳನ್ನು ನೋಡಿ ಮುಗಿಸುವಷ್ಟರಲ್ಲಿ ಸಾಯಂಕಾಲವಾಯಿತು. ತೋಟಗಳ ಮೇಲೆ ಬಾವಲಿಗಳು ಹಾರತೊಡಗಿದವು. ಒಡನೆಯೇ ಅನೇಕ ಬಾಲಿಕೆಯರು ಚೀರಿ, ಎರಡು ಕೈಗಳಿಂದಲೂ ತಲೆಯನ್ನು ಮುಚ್ಚಿಕೊಂಡರು. ಬಾವಲಿಯು ಕೂದಲಿಗೆ ಸಿಕ್ಕಿಕೊಳ್ಳುವುದೆಂದು ಅವರಿಗೆ ಯಾರೋ ಹೇಳಿದ್ದರಂತೆ. ಆ 'ಯಾರೋ' ಎಂಬವರು ತಾಯಂದಿರೂ ಅಜ್ಜಿಯರೂ, ಒಮ್ಮೊಮ್ಮೆ ಉಪಾಧ್ಯಾಯಿನಿಯರೂ ಆಗಿರುವರು. ಆದುದರಿಂದ ಈ ಮಾತನ್ನು ಹಿರಿಯರಾದ ನಮ್ಮನಮ್ಮೊಳಗೇ ಮೊದಲು ಆಡಬೇಕಾಗಿದೆ.

ಬಾವಲಿಯು ಪಕ್ಷಿಯಲ್ಲ, ಮರಿಗೆ ಹಾಲೂಡಿಸಿ ಸಾಕುವ ಪ್ರಾಣಿ. ಅದು ಕುರುಡೂ ಅಲ್ಲ. ಕಣ್ಣು ಕಾಣದಂತೆ ಮಾಡಿದರೂ ಬಾವಲಿಯು ದಾರಿ ತಪ್ಪದೆ ಹಾರುವುದೆಂದು ಇಟಲಿಯ ಸ್ಪಲ್ಲಾಂಜಾನಿ ಎಂಬ ಪಂಡಿತನು ಹದಿನೆಂಟನೆಯ ಶತಮಾನದಲ್ಲಿಯೇ ಕಂಡನು. ಸಣ್ಣ ಬಾವಲಿಗಳು ನಮ್ಮ ಕಿವಿಗೆ ಕೇಳಿಸದ ದನಿಯನ್ನು ಹೊರಡಿಸುತ್ತವೆಂಬುದು 1938ರಲ್ಲಿ ಅಮೆರಿಕದ ಗ್ರಿಫಿನ್ ಎಂಬವರ ಪ್ರಯೋಗದಿಂದ ತಿಳಿದುಬಂದಿತು. ಆ ದನಿಯ ಪ್ರತಿಧ್ವನಿಯೇ ಅವುಗಳಿಗೆ ದಾರಿದೀಪ. ಕತ್ತಲೆಯಲ್ಲಿ ಹಾರುವ ಸೊಳ್ಳೆಯನ್ನು ಹಿಡಿಯಬಲ್ಲ ಜೀವಿಯು ಬಾಲಿಕೆಯ ಜಡೆಗೆ ಡಿಕ್ಕಿ ಹೊಡೆದೀತೇ?

ಈ ಸಣ್ಣ ಬಾವಲಿಗಳು ರಾತ್ರಿಯೆಲ್ಲ ಹುಳುಹುಪ್ಪಟೆಗಳನ್ನು ತಿಂದು ಪೈರನ್ನು ಕಾಯುತ್ತವೆ. ದೊಡ್ಡ ತೊಗಲುಬಾವಲಿಗಳು ಇಪ್ಪೆಯ ಹೂಗಳಿಗೆ ಪರಾಗವನ್ನು ಮುಟ್ಟಿಸುತ್ತವೆ. ಆಲ, ಅತ್ತಿ, ನೇರಳೆಗಳ ಬೀಜಗಳನ್ನು ದೂರದೂರ ಬಿತ್ತುತ್ತವೆ. ಕೂಲಿ ಕೇಳದ ತೋಟಗಾರರೆಂದು ಇವನ್ನು ಕರೆದರೆ ತಪ್ಪಾಗಲಾರದು.

ರೋಗದ ಭಯವನ್ನು ಕೆಲವು ಪೋಷಕರು ನಮ್ಮೊಡನೆ ಹೇಳಿಕೊಂಡಿದ್ದಾರೆ. ಆ ಭಯವು ನಿರಾಧಾರವಲ್ಲ. 2018ರಲ್ಲಿ ಕೇರಳದಲ್ಲಿ ಪ್ರಾಣಹಾನಿ ಮಾಡಿದ ನಿಪಾ ರೋಗದ ವೈರಾಣುವು ಹಣ್ಣುಬಾವಲಿಗಳಲ್ಲಿ ನೆಲೆಸಿರತಕ್ಕದ್ದು. ಆದುದರಿಂದ ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು. ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಿಂದ ಮುಟ್ಟಬಾರದು. ಇಷ್ಟು ಎಚ್ಚರಿಕೆ ಅವಶ್ಯಕ. ಆದರೆ ಅವು ತಂಗುವ ಮರವನ್ನೇ ಕಡಿಸುವುದು ವಿವೇಕವಲ್ಲ. ನೆಲೆ ತಪ್ಪಿದ ಬಾವಲಿಗಳು ಚದುರಿ ನಮ್ಮ ಮನೆಗಳ ಹತ್ತಿರಕ್ಕೇ ಬಂದಾವು. ಎಚ್ಚರಿಕೆ ಬೇರೆ, ದ್ವೇಷ ಬೇರೆ.

ಸರಕಾರವು ಕೂಡ ತನ್ನ ಅಭಿಪ್ರಾಯವನ್ನು ತಿದ್ದಿಕೊಂಡಿದೆ. 1972ರ ವನ್ಯಜೀವಿ ಕಾಯಿದೆಯು ಹಣ್ಣುಬಾವಲಿಗಳನ್ನು ಇಲಿ, ಕಾಗೆಗಳೊಡನೆ ಉಪದ್ರವಕಾರಿಗಳ ಪಟ್ಟಿಯಲ್ಲಿ ಸೇರಿಸಿತ್ತು. 2022ರ ತಿದ್ದುಪಡಿಯಿಂದ ಆ ಪಟ್ಟಿಯೇ ಇಲ್ಲವಾಯಿತು. ನಮ್ಮ ನಾಡಿನಲ್ಲಿಯೇ, ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ, ಜಗತ್ತಿನ ಬೇರೆಲ್ಲಿಯೂ ಕಾಣದ ಬಾವಲಿಯ ಜಾತಿಯೊಂದು ಉಳಿದಿದೆ. ಕಲ್ಲುಗಣಿಯ ಕೆಲಸವು ಅದರ ನೆಲೆಗೇ ಕುತ್ತಾಗಿತ್ತು. ಬಾವಲಿಯು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿಯನ್ನು ಹೆರುವುದರಿಂದ, ಒಮ್ಮೆ ಕುಗ್ಗಿದ ಸಂಖ್ಯೆಯು ಬೇಗನೆ ತುಂಬುವುದಿಲ್ಲ.

ಯಾಜಕಕಾಂಡವು ಬಾವಲಿಯನ್ನು ಆಹಾರಕ್ಕೆ ನಿಷಿದ್ಧವೆಂದು ಎಣಿಸಿದೆ. ಆಹಾರದ ಆ ನಿಷೇಧವನ್ನು ದ್ವೇಷಕ್ಕೆ ಅಪ್ಪಣೆಯೆಂದು ನಾವು ತಿಳಿಯಬಾರದು. ದೇವರು ಉಂಟುಮಾಡಿದ ಜೀವಿಯನ್ನು ಅಶುಭವೆನ್ನಲು ನಾವಾರು? ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕ ಮಹನೀಯರೇ, ಮುಂದಿನ ಸಲ ಸಂಜೆಯಲ್ಲಿ ಬಾವಲಿಗಳು ಹಾರಿದಾಗ ಮಕ್ಕಳನ್ನು ಒಳಗೆ ಕರೆಯಬೇಡಿರಿ. ಅಂಗಳಕ್ಕೆ ಕರೆದು ತೋರಿಸಿರಿ. ಅಂಜಿಕೆಯನ್ನು ನಾವೇ ಕಲಿಸಿದೆವು. ಅದನ್ನು ಬಿಡಿಸುವ ಹೊಣೆಯೂ ನಮ್ಮದೇ.